ಕಪ್ಪು ಕುರಿಯ ಮೇಲಿನ ಮೂರು ಗೆರೆ

"ಕ್ಷಮಾಪಣೆ ಕೇಳ್ಬೇಕಂತೆ! ನಾನು! ಬರೆದು ಬೇರೆ ಕೊಡ್ಬೇಕಂತೆ!"

ನಾನು ಬಾಗಿಲು ತೆಗೆದದ್ದೇ ತಡ, ವೆಂಕಟಲಕ್ಷ್ಮಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಗಿರಿಜಾದೇವಿಯವರ ಎದುರಿನ ಕುರ್ಚಿಯಲ್ಲಿ ದಪ್ಪನೆ ಕುಳಿತರು. ಬೆಳಗಿನ ಮೊದಲ ಬಸ್ಸು ಹಿಡಿದು ನಗರದಂಚಿನ ಉಲ್ಲಾಳದಿಂದ ಬಂದಿದ್ದರು. ಸೆರಗಿನಲ್ಲಿ ಬೆವರು ಒರೆಸಿಕೊಂಡರು, ಕಣ್ಣು ಒರೆಸಿಕೊಳ್ಳಲಿಲ್ಲ. ಅರವತ್ತು ದಾಟಿದ ಆ ಹೆಂಗಸು ಅತ್ತದ್ದನ್ನು ನಾನು ಇದುವರೆಗೂ ನೋಡಿಲ್ಲ.

"ಕಾಫಿ ಕುಡೀರಿ. ಆಮೇಲೆ ಮೊದಲಿಂದ ಹೇಳಿ," ಎಂದರು ಗಿರಿಜಾದೇವಿ.

"ಕಾಫಿ ಕುಡೀತೀನಿ. ಆದ್ರೆ ಒಂದು ಮಾತು, ಗಿರಿಜಮ್ಮ. ನನ್ನನ್ನ ಕಾಪಾಡಿ ಅಂತ ಕೇಳೋಕೆ ಬಂದಿಲ್ಲ. ಕಳ್ಳ ಯಾವೋನು ಅಂತ ಹುಡುಕಿಕೊಡಿ. ಮಿಕ್ಕಿದ್ದು ನಾನು ನೋಡ್ಕೊತೀನಿ."

ಗಿರಿಜಾದೇವಿಯವರ ಮುಖದಲ್ಲಿ ನಗು ಮೂಡಿತು. ಇಂಥ ಕಕ್ಷಿದಾರರು ಅವರಿಗೆ ಇಷ್ಟ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ವಿಚಾರಿಸುವುದರಲ್ಲೇ ಅವರ ಆಯುಸ್ಸು ಸವೆದಿತ್ತು. ನಿವೃತ್ತರಾದ ಮೇಲೆ ಆರ್‌ಪಿಸಿ ಲೇಔಟಿನ ಜನ ತಮ್ಮ ತಾಪತ್ರಯಗಳನ್ನೆಲ್ಲ ಅವರ ಜಗಲಿಗೇ ತಂದು ಸುರಿಯುತ್ತಿದ್ದರು. ನಾನು ಗೋಪೀನಾಥ, ವಿಜಯನಗರದ ಪ್ರೌಢಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು, ಅವರ ಮಹಡಿ ಮನೆಯ ಬಾಡಿಗೆದಾರ. ಅವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಅವರ ತನಿಖೆಗಳನ್ನೆಲ್ಲ ನೋಡುವ ಪುಣ್ಯ ನನ್ನದು. ಈ ಪ್ರಕರಣದಲ್ಲಿ ಮಾತ್ರ ನಾನು ಬರೀ ನೋಡುಗನಾಗಿರಲಿಲ್ಲ, ನನ್ನ ಕುರಿಯೂ ಇದರಲ್ಲಿ ಸಿಕ್ಕಿಕೊಂಡಿತ್ತು.

ವಿಷಯ ಇಷ್ಟು. ನಮ್ಮ ಲೇಔಟಿನ ಸಮುದಾಯ ಭವನದ ಮಹಡಿಯಲ್ಲಿ ‘ಸಂಜೆ ಇಂಗ್ಲಿಷ್ ಕೂಟ’ ನಡೆಯುತ್ತದೆ. ಗೃಹಿಣಿಯರು, ಅಂಗಡಿಯವರು, ರಿಟೈರಾದವರು ಬಂದು ಇಂಗ್ಲಿಷ್ ಮಾತಾಡಲು ಕಲಿಯುತ್ತಾರೆ. ಪ್ರತಿವರ್ಷ ದಸರಾ ಮುಗಿದ ಭಾನುವಾರ ಅಲ್ಲಿ ಇಡಿಯಮ್‌ಗಳ, ಅಂದರೆ ಇಂಗ್ಲಿಷ್ ನುಡಿಗಟ್ಟುಗಳ, ಸ್ಪರ್ಧೆ. ಒಂದೊಂದೇ ಚಿತ್ರ ತೋರಿಸುತ್ತಾರೆ. ಸ್ಪರ್ಧಿ ಅದು ಯಾವ ಇಡಿಯಮ್ ಎಂದು ಗುರುತಿಸಿ, ಅರ್ಥ ಹೇಳಿ, ಒಂದು ವಾಕ್ಯದಲ್ಲಿ ಬಳಸಬೇಕು. ಗೆದ್ದವರಿಗೆ ಕಪ್ಪಿಗಿಂತ ದೊಡ್ಡ ಬಹುಮಾನವೊಂದಿದೆ. ಹೊಸದಾಗಿ ಸೇರುವವರಿಗೆ ಮೊದಲ ಪಾಠ ಮಾಡುವವರು ಅವರೇ. ಈ ಸಲದ ಚಿತ್ರಗಳನ್ನು ಬರೆದವನು ನಾನು. ಆಕಾಶದಿಂದ ಬೆಕ್ಕು ನಾಯಿ ಉದುರುವುದು, ಗುಂಡು ಕಚ್ಚಿಕೊಂಡ ಸಿಪಾಯಿ, ಬೇಲಿಯ ಮೇಲೆ ಕೂತ ಮನುಷ್ಯ! ಈ ಇಂಗ್ಲಿಷಿನವರಿಗೆ ನೆಟ್ಟಗೆ ಮಾತಾಡಲು ಏನು ಧಾಡಿ ಎಂದು ಗೊಣಗುತ್ತಲೇ ಬರೆದಿದ್ದೆ.

ಆಯುಧಪೂಜೆಯ ಹಿಂದಿನ ಸಂಜೆ, ಚಿತ್ರಗಳನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ, ಕೂಟದ ಬಾಗಿಲಲ್ಲೇ ಕಿರಣ್ ಸರ್ ಕೈಗೆ ಕೊಟ್ಟಿದ್ದೆ. ಕಿರಣ್ ಸರ್ ಅಂದರೆ ಕೂಟ ನಡೆಸುವ ಮೇಷ್ಟ್ರು. ಪೂರ್ತಿ ಹೆಸರು ಬಸವಕಿರಣ್, ಆದರೆ ಬೋರ್ಡಿನ ಮೇಲೆ ಬರೀ ಕಿರಣ್ ಅಂತಲೇ ಇದೆ.

"ನಿನ್ನೆ ಕ್ಲಾಸು ಮುಗಿಯೋ ಹೊತ್ತು," ವೆಂಕಟಲಕ್ಷ್ಮಮ್ಮ ಮುಂದುವರಿಸಿದರು, "ಬೀರು ತೆಗೆದು ನೋಡ್ದ. ಲಕೋಟೆ ಒಡೆದೈತೆ ಅಂದ. ನಮ್ಮ ಚೀಲಗಳನ್ನೆಲ್ಲ ಬಾಗಿಲ ಪಕ್ಕದ ಕಪಾಟಲ್ಲೇ ಇಡಿಸ್ತಾನಲ್ಲ, ಒಂದೊಂದೇ ತಡಕಾಡ್ದ. ನನ್ನ ಚೀಲದಲ್ಲಿ ಚಿತ್ರದ ಜೆರಾಕ್ಸು ಸಿಕ್ತು. ನಾನಂತೂ ಇಟ್ಟಿಲ್ಲ. ಇವತ್ತು ಸಂಜೆ ಒಳಗೆ ತಪ್ಪಾಯ್ತು ಅಂತ ಬರೆದುಕೊಟ್ಟು ಸ್ಪರ್ಧೆಯಿಂದ ಸರಿದರೆ ಸುಮ್ನಿರ್ತಾನಂತೆ. ಇಲ್ದಿದ್ರೆ ಎಲ್ರ ಮುಂದೆ ಕಳ್ಳಿ ಅಂತ ಹೆಸರು ಹೇಳಿ ಕೂಟದಿಂದ ಆಚೆ ಹಾಕ್ತಾನಂತೆ."

"ಬರೆದುಕೊಟ್ಟರೆ ಸುದ್ದಿ ಇಲ್ಲಿಗೇ ಮುಗಿಯುತ್ತೆ ಅಲ್ವಾ?" ಗಿರಿಜಾದೇವಿ ಬೇಕೆಂದೇ ಕೆಣಕಿದರು.

"ಯಾರಿಗೆ ಮುಗಿಯುತ್ತೆ? ನಾಲ್ಕನೇ ಕ್ಲಾಸಿಗೆ ಇಸ್ಕೂಲು ಬಿಡಿಸಿದ್ರು ನನ್ನ. ಆಗ ನನ್ನ ಮಾತು ಯಾರೂ ಕೇಳ್ಲಿಲ್ಲ. ಈಗ ನಾನಾಗೇ ದುಡ್ಡು ಕಟ್ಟಿ, ಬಸ್ಸು ಹತ್ತಿ ಕಲಿತಿದೀನಿ. ಮಾಡದ ಕಳ್ಳತನಕ್ಕೆ ಹೆಬ್ಬೆಟ್ಟಲ್ಲ, ಕಿರುಬೆಟ್ಟೂ ಒತ್ತಲ್ಲ."

ಉಲ್ಲಾಳದಲ್ಲಿ ಮೂರಂತಸ್ತಿನ ಕಟ್ಟಡ ಅವರದು. ಬಾಡಿಗೆ ಹುಡುಗರು ಅವರ ಎದುರಿಗೇ ‘ಟಫ್ ನಟ್’ ಎಂದು ಇಂಗ್ಲಿಷಿನಲ್ಲಿ ಆಡಿಕೊಂಡು ನಕ್ಕರೆಂದು ಕೂಟಕ್ಕೆ ಸೇರಿದವರು. ಸುಲಭಕ್ಕೆ ಒಡೆಯದ ಗಟ್ಟಿ ಬೀಜ ಎಂಬ ಅರ್ಥ ತಿಳಿದ ದಿನ ಕೋಪ ಬರಲಿಲ್ಲವಂತೆ, ಹುಡುಗರಿಗೆ ಬಾದಾಮಿ ಹಾಲು ಕುಡಿಸಿದರಂತೆ. ಅಭ್ಯಾಸ ಪರೀಕ್ಷೆಗಳಲ್ಲಿ ಈಚೆಗೆ ಎಲ್ಲರಿಗಿಂತ ಮುಂದಿದ್ದವರು ಅವರೇ. ಕಷ್ಟವೆಂದರೆ, ಜೆರಾಕ್ಸ್ ಅಂಗಡಿಯೊಂದು ಅವರದೇ ಕಟ್ಟಡದ ನೆಲಮಹಡಿಯಲ್ಲಿತ್ತು. ಆಯುಧಪೂಜೆಯ ದಿನ ಕೂಟದ ಕೋಣೆಗೆ ಬಂದವರಲ್ಲೂ ಅವರಿದ್ದರು.

"ಇನ್ಯಾರು ಬಂದಿದ್ರು ಆವತ್ತು?"

"ಬೀಗದ ಕೈ ಇಟ್ಕೊಳ್ಳೋ ಲತಾ, ಹೋದ ವರ್ಷ ಗೆದ್ದ ದೇವೇಂದ್ರಪ್ಪ, ನಾನು. ಬೋರ್ಡಿಗೆ, ಪುಸ್ತಕಕ್ಕೆ ಪೂಜೆ ಮಾಡಿದ್ವಿ. ಕಿರಣ್ ಬರ್ಲಿಲ್ಲ, ಮನೇಲಿ ಪೂಜೆ ಐತೆ ಅಂದಿದ್ದ."

ಗಿರಿಜಾದೇವಿ ನನ್ನತ್ತ ತಿರುಗಿದರು. "ಗೋಪಿ ಮೇಷ್ಟ್ರೇ, ಆ ಚಿತ್ರಗಳನ್ನ ನೀವು ಕದಿಯಬೇಕಿದ್ದರೆ ಹೇಗೆ ಕದೀತಿದ್ರಿ?"

"ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗ್ತಿದ್ದೆ."

"ನಾನೂ ಅಷ್ಟೇ," ಎನ್ನುತ್ತ ಅವರು ಸ್ಕೂಟರಿನ ಕೀಲಿ ಎತ್ತಿಕೊಂಡರು.

ನಾವು ಹೋದಾಗ ಕಿರಣ್ ಕೂಟದ ಕೋಣೆಯಲ್ಲೇ ಇದ್ದರು. ಇಸ್ತ್ರಿ ಮಾಡಿದ ಶರ್ಟು, ಮೆಲುದನಿ. ಜೆರಾಕ್ಸ್ ಪ್ರತಿಗಳನ್ನು ತಾವಾಗಿಯೇ ಮುಂದಿಟ್ಟರು.

"ನೋಡಿ ಮೇಡಂ, ಐ ಫೀಲ್ ವೆರಿ ಬ್ಯಾಡ್. ವಯಸ್ಸಾದವರು. ಪೊಲೀಸು ಗಿಲೀಸು ಅಂತ ನಾನು ಹೋಗಲ್ಲ. ಒಂದು ಅಪಾಲಜಿ ಲೆಟರ್ ಕೊಟ್ರೆ ಸಾಕು."

"ಲಕೋಟೆ ಎಲ್ಲಿತ್ತು?"

"ಗೋಪೀನಾಥ್ ಸರ್ ಕೊಟ್ಟ ತಕ್ಷಣ ಈ ಬೀರುವಲ್ಲೇ ಇಟ್ಟು ಬೀಗ ಹಾಕಿದೆ. ನಿನ್ನೆ ಸಂಜೆವರೆಗೂ ಮುಟ್ಟಿಲ್ಲ. ಬೀಗದ ಕೈ ಲತಾಳ ಟೇಬಲ್ ಪಕ್ಕದ ಮೊಳೆಯಲ್ಲಿ ನೇತಾಡ್ತಿರುತ್ತೆ. ಪೂಜೆ ದಿನ ಯಾರು ಬೇಕಾದ್ರೂ ತೆಗೀಬಹುದಿತ್ತು."

ಲತಾ ಅಲ್ಲೇ ಕಸ ಗುಡಿಸುತ್ತಿದ್ದಳು. "ನಾನು ಪೂಜೆ ಮುಗಿಸಿ ಪ್ರಸಾದ ಹಂಚೋಕೆ ಕೆಳಗೆ ಹೋಗಿದ್ದೆ ಮೇಡಂ. ಆಗ ಏನಾಯ್ತೋ ಗೊತ್ತಿಲ್ಲ," ಎಂದಳು.

ನಾನು ಪ್ರತಿಗಳನ್ನು ತಿರುವಿ ಹಾಕತೊಡಗಿದೆ. ಬೆಕ್ಕು, ನಾಯಿ, ಸಿಪಾಯಿ, ಬೇಲಿ, ಎಲ್ಲವೂ ಸರಿಯಾಗಿದ್ದವು. ‘ಬ್ಲ್ಯಾಕ್ ಶೀಪ್’ ಬಂದಾಗ ನನ್ನ ಪಿತ್ತ ನೆತ್ತಿಗೇರಿತು. ಇಂಡಿಯನ್ ಇಂಕಿನಲ್ಲಿ ಒಂದು ಮಧ್ಯಾಹ್ನವಿಡೀ ಕೂತು ಗಾಢವಾಗಿ ತುಂಬಿದ ಕಪ್ಪು ಕುರಿ ಅದು. ಅದರ ಮೈಮೇಲೆ ಅಡ್ಡಡ್ಡಲಾಗಿ ಮೂರು ಬಿಳಿ ಗೆರೆಗಳಿದ್ದವು!

"ಯಾರ್ರೀ ಇದು ನನ್ನ ಕುರಿಯನ್ನ ಜೀಬ್ರಾ ಮಾಡಿರೋದು?"

ಕಿರಣ್ ಬಗ್ಗಿ ನೋಡಿದರು. "ನೀವೇ ಹಾಗೆ ಬರೆದಿದ್ದೀರಿ ಅಂದ್ಕೊಂಡೆ ಸರ್. ಸಮ್ ಕೈಂಡ್ ಆಫ್ ಶೇಡಿಂಗ್."

ಶೇಡಿಂಗಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾದೇವಿ ನನ್ನ ಮೊಣಕೈ ಒತ್ತಿದರು. ಲಕೋಟೆಯಿಂದ ಮೂಲ ಚಿತ್ರ ತೆಗೆಸಿ ನೋಡಿದರು. ಅದರಲ್ಲಿ ಗೆರೆಯ ಸುಳಿವೇ ಇರಲಿಲ್ಲ. "ಇನ್ನೊಂದು ಕಪ್ಪು ಚಿತ್ರ ಇದೆಯಾ?" ಎಂದು ಕೇಳಿದರು. ‘ಒನ್ಸ್ ಇನ್ ಎ ಬ್ಲೂ ಮೂನ್’ ಇತ್ತು. ಕಪ್ಪು ಆಕಾಶದಲ್ಲಿ ಒಬ್ಬಂಟಿ ಚಂದ್ರ. ಜೆರಾಕ್ಸಿನಲ್ಲಿ ಆ ಆಕಾಶಕ್ಕೂ ಮೂರು ಬಿಳಿ ಗೆರೆಗಳು ಬಿದ್ದಿದ್ದವು. ಗಿರಿಜಾದೇವಿ ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಗಳು ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂತವು.

"ಇವನ್ನ ಸಂಜೆವರೆಗೆ ನಾನಿಟ್ಟುಕೊಳ್ಳಲಾ?"

"ಶೂರ್ ಮೇಡಂ," ಎಂದರು ಕಿರಣ್.

ದಾರಿಯಲ್ಲಿ ಅವರು ಸ್ಟೇಷನರಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ನನ್ನಿಂದ ಒಂದು ಕಪ್ಪು ಚಾರ್ಟ್ ಪೇಪರ್ ಕೊಳ್ಳಿಸಿದರು. ಯಾಕೆ ಎಂದು ಕೇಳಿದೆ. "ನಿಮ್ಮ ಕುರಿಗಿಂತ ಕಪ್ಪಾದದ್ದು ಬೇಕಿತ್ತು," ಎಂದರು. ನನಗದು ಹೊಗಳಿಕೆಯಂತೆ ಕೇಳಿಸಲಿಲ್ಲ.

ಉಲ್ಲಾಳದ ಜೆರಾಕ್ಸ್ ಅಂಗಡಿಯ ಮುನಿರಾಜುವಿನ ಮುಂದೆ ವಿದ್ಯಾರ್ಥಿಗಳ ಸಾಲು ನಿಂತಿತ್ತು. ಅಂಗಡಿಗೆ ಕಟ್ಟಿದ್ದ ಬಾಳೆಕಂಬ ಇನ್ನೂ ಬಾಡಿರಲಿಲ್ಲ. ಮಷೀನಿನ ಎರಡೂ ಪಕ್ಕಕ್ಕೆ ಅರಿಸಿನ ಕುಂಕುಮದ ದೊಡ್ಡ ಬೊಟ್ಟುಗಳು, ಮೇಲೊಂದು ಒಣಗಿದ ಸೇವಂತಿಗೆ.

"ಆಯುಧಪೂಜೆ ದಿನ ಬೆಳಿಗ್ಗೆ ಪೂಜೆ ಮಾಡಿ ಶಟರ್ ಎಳೆದೆ ಮೇಡಂ. ವಿಜಯದಶಮಿಗೂ ತೆಗೀಲಿಲ್ಲ, ಬಿಡದಿಗೆ ಹೋಗಿದ್ದೆ. ಪೂಜೆ ಮಾಡಿದ ಮಷೀನನ್ನ ಅವತ್ತು ಯಾರಾದ್ರೂ ಓಡಿಸ್ತಾರಾ? ಬಿಲ್ಡಿಂಗ್ ಓನರ್ ಅಮ್ಮೋರೇ ಬಂದು ಕೇಳಿದ್ರೂ ಕೊಡ್ತಿರ್ಲಿಲ್ಲ," ಎಂದು ಮುನಿರಾಜು ಗಾಜನ್ನು ಬಟ್ಟೆಯಲ್ಲಿ ಒರೆಸಿದ. ಗಿರಾಕಿಯೊಬ್ಬ ಎಣ್ಣೆ ಕೈಯಲ್ಲಿ ಗಾಜು ಮುಟ್ಟಿದ್ದಕ್ಕೆ ನಮ್ಮೆದುರೇ ಬೈದ. ಗಿರಿಜಾದೇವಿ ಕಪ್ಪು ಹಾಳೆಯ ಒಂದು ತುಂಡನ್ನು ಕೊಟ್ಟು ಜೆರಾಕ್ಸ್ ಮಾಡಿಸಿಕೊಂಡರು. ಕಪ್ಪಿನ ಜೆರಾಕ್ಸು ಕಪ್ಪೇ ಬಂತು. ಮುನಿರಾಜು ನಮ್ಮಿಬ್ಬರ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಅಲ್ಲಿಂದ ಮಾಗಡಿ ರಸ್ತೆ ಹಿಡಿದು ಹೆಗ್ಗನಹಳ್ಳಿಗೆ ಹೋದೆವು. ದೇವೇಂದ್ರಪ್ಪ ದಾವಣಗೆರೆ ಕಡೆಯವರು, ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ನನ್ನ ಮನಸ್ಸಿನಲ್ಲಿ ಕಳ್ಳನ ಜಾಗದಲ್ಲಿ ಕೂತಿದ್ದವರು ಇವರೇ.

"ನೋಡ್ರಿ ಮೇಡಮ್ಮಾರೆ, ಸುಳ್ಳು ಹೇಳಂಗಿಲ್ಲ. ಆಯಮ್ಮ ಗೆದ್ರೆ ನನಗೆ ಹೊಟ್ಟೆ ಉರೀತೈತಿ. ಹೋದ ವರ್ಷ ಗೆದ್ದ ಕಪ್ಪು ಇಲ್ಲೇ ಗಲ್ಲಾ ಮೇಲೆ ಐತಿ, ನೋಡ್ರಿ. ಆದ್ರೆ ಆಕಿನ್ನ ಕಳ್ಳಿ ಮಾಡಿ ಗೆಲ್ಲೋದು ಎಂಥಾ ಗೆಲುವು? ನನಗೆ ಆಕಿ ಕೂಡೆ ಜಿದ್ದು ಬೇಕ್ರಿ!"

ಅಂಗಡಿಯ ಜೆರಾಕ್ಸ್ ಮಷೀನಿನ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ದಪ್ಪಗೆ ಎದ್ದು ಕಾಣುತ್ತಿತ್ತು. ನಾನು ಗಿರಿಜಾದೇವಿಯವರನ್ನು ತಿವಿದೆ. ಅವರು ಮುಚ್ಚಳ ಎತ್ತಿ ಗಾಜು ನೋಡಿ, ಕಪ್ಪು ಹಾಳೆ ಇಟ್ಟು ಪ್ರತಿ ತೆಗೆದರು. ಅದೂ ಪೂರ್ತಿ ಕಪ್ಪಾಗಿಯೇ ಬಂತು. ನನ್ನ ಉತ್ಸಾಹ ಅರ್ಧಕ್ಕರ್ಧ ಇಳಿದುಹೋಯಿತು.

ಬಸವೇಶ್ವರನಗರದ ಕಿರಣ್ ಮನೆ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಆ ಹೊತ್ತಿಗೆ ಕಿರಣ್ ಕೂಟದಲ್ಲಿರುತ್ತಾರೆಂದು ನನಗೂ ಗೊತ್ತಿತ್ತು, ಗಿರಿಜಾದೇವಿಯವರಿಗೂ ಗೊತ್ತಿತ್ತು. ಬಾಗಿಲು ತೆಗೆದವರು ಕಿರಣ್ ತಾಯಿ ಶಿವಕ್ಕ.

"ಬರ್ರಿ ಬರ್ರಿ, ಕಿರಣ ಇಲ್ರಿ. ದಸರಾ ಬನ್ನಿ ಎಲಿ ಕೊಡಾಕೆ ಬಂದೀರೇನು? ಕುಂದರ್ರಿ. ಕರ್ಚಿಕಾಯಿ ಇನ್ನೂ ಅದಾವು."

ಆ ಮನೆಯಲ್ಲಿ ಮಗ ಮತ್ತು ತಾಯಿ ಇಬ್ಬರೇ. ಶಿವಕ್ಕನ ಆಯುಧಪೂಜೆಯಿಂದ ತಪ್ಪಿಸಿಕೊಂಡ ವಸ್ತು ಯಾವುದೂ ಇದ್ದಂತೆ ಕಾಣಲಿಲ್ಲ. ಫ್ರಿಜ್ಜಿಗೆ ವಿಭೂತಿ, ಮಿಕ್ಸಿಗೆ ವಿಭೂತಿ, ಹೊಲಿಗೆ ಮಷೀನಿಗೆ, ಇಸ್ತ್ರಿ ಪೆಟ್ಟಿಗೆಗೆ, ಗೋಡೆಗೆ ಒರಗಿಸಿದ್ದ ಈಳಿಗೆ ಮಣೆಗೂ ಮೂರು ಬೆರಳಿನ ಪಟ್ಟೆ. ನೀರಿನಲ್ಲಿ ಕಲಸಿ ಹಚ್ಚಿದ ವಿಭೂತಿ ಒಣಗಿ ಗಟ್ಟಿಯಾಗಿ ಕೂತಿತ್ತು.

"ಒಂದನ್ನೂ ಬಿಟ್ಟಿಲ್ಲ ನೀವು," ಎಂದೆ.

"ಬಿಡಬಾರದ್ರಿ. ವರ್ಷೆಲ್ಲ ನಮಗಾಗಿ ದುಡೀತಾವು. ಆದ್ರೆ ಮಗಗೆ ಇವೆಲ್ಲ ಸೇರಂಗಿಲ್ಲ. ಹೋದ ವರ್ಷ ಲ್ಯಾಪ್‌ಟಾಪಿಗೆ ಹಚ್ಚಿದ್ದಕ್ಕೆ ಸಿಕ್ಕಾಪಟ್ಟೆ ರೇಗಿದ. ಬಂದೋರು ನೋಡಿದ್ರೆ ಏನಂತಾರೆ ಅಂದ."

ನಡುಮನೆಯ ಮೂಲೆಯಲ್ಲಿ ಕಿರಣ್ ಮೇಜು. ಅದರ ಮೇಲೆ ಪ್ರಿಂಟ್, ಜೆರಾಕ್ಸ್ ಎರಡೂ ತೆಗೆಯುವ ಸಣ್ಣ ಕಪ್ಪು ಪ್ರಿಂಟರ್. ಗಿರಿಜಾದೇವಿಯವರ ಕಣ್ಣು ಅದರ ಮೇಲೆ ನಿಂತದ್ದನ್ನು ಗಮನಿಸಿದೆ. ಹೊಳೆಯುವ ಮುಚ್ಚಳದ ಮೇಲೆ ಒಂದು ಚುಕ್ಕೆ ವಿಭೂತಿಯೂ ಇರಲಿಲ್ಲ.

"ಶಿವಕ್ಕ, ಒಂದು ಹಾಳೆ ಜೆರಾಕ್ಸ್ ಮಾಡ್ಕೊಳ್ಳಲಾ?"

"ಅದಕ್ಕೇನ್ರಿ, ಮಾಡ್ಕೊರ್ರಿ. ಮೇಷ್ಟ್ರೇ, ನೀವು ಆ ಮೇಲಿನ ಡಬ್ಬಿ ಇಳಿಸಿಕೊಡ್ರಿ, ನನಗೆ ಎಟುಕಂಗಿಲ್ಲ."

ನಾನು ಅಡುಗೆಮನೆಗೆ ಹೋಗಿ ಕರ್ಚಿಕಾಯಿ ಡಬ್ಬಿ ಇಳಿಸಿ ಬರುವಷ್ಟರಲ್ಲಿ ಗಿರಿಜಾದೇವಿ ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿ ಇಟ್ಟಾಗಿತ್ತು. ಹೊರಡುವಾಗ ಅವರು ಶಿವಕ್ಕನ ಕೈ ಹಿಡಿದುಕೊಂಡು ಬಾಗಿಲಲ್ಲಿ ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಶಿವಕ್ಕ ಕಳ್ಳ ನಗೆ ನಕ್ಕು ಅವರ ಕಿವಿಯಲ್ಲಿ ಏನೋ ಹೇಳಿದರು. ದಾರಿಯುದ್ದಕ್ಕೂ ನಾನು ಪೀಡಿಸಿದರೂ ಗಿರಿಜಾದೇವಿ ಬಾಯಿ ಬಿಡಲಿಲ್ಲ.

ಸಂಜೆ ಕೂಟದ ಕೋಣೆ ಕಿಕ್ಕಿರಿದಿತ್ತು. ಸುದ್ದಿ ಆಗಲೇ ಹಬ್ಬಿತ್ತು. ಗಿರಿಜಾದೇವಿ ಹೇಳಿಕಳಿಸಿದ್ದರಿಂದ ಮುನಿರಾಜು ಅಂಗಡಿ ಮುಚ್ಚಿ ಬಂದಿದ್ದ. ದೇವೇಂದ್ರಪ್ಪ ಮುಂದಿನ ಸಾಲಿನಲ್ಲಿ, ಲತಾ ಬಾಗಿಲ ಬಳಿ. ವೆಂಕಟಲಕ್ಷ್ಮಮ್ಮ ಎಲ್ಲರಿಗೂ ಕಾಣುವಂತೆ ನಟ್ಟನಡುವೆ ಕೂತಿದ್ದರು. ಕೆಲವರು ಅವರ ಪಕ್ಕದ ಕುರ್ಚಿ ಬಿಟ್ಟು ದೂರ ಕೂತದ್ದನ್ನು ನೋಡಿ ನನಗೆ ಮೈ ಉರಿಯಿತು. ಹೋಗಿ ನಾನೇ ಆ ಕುರ್ಚಿಯಲ್ಲಿ ಕೂತೆ.

"ಮೇಡಂ, ಅಪಾಲಜಿ ತಂದಿದ್ದೀರಾ?" ಕಿರಣ್ ಕೇಳಿದರು.

"ಇಲ್ಲ," ಎಂದರು ವೆಂಕಟಲಕ್ಷ್ಮಮ್ಮ. "ತರೋದೂ ಇಲ್ಲ."

ಗಿರಿಜಾದೇವಿ ಎದ್ದು ನಿಂತರು.

"ನನಗೆ ಮೊದಲು ಬಂದ ಅನುಮಾನ ಜೆರಾಕ್ಸಿನ ಬಗ್ಗೆಯೇ. ಎಲ್ಲರ ಕೈಯಲ್ಲೂ ಫೋನಿದೆ. ಚಿತ್ರ ಕದಿಯೋರು ಒಂದು ಫೋಟೋ ಹೊಡ್ಕೊಂಡು ಸುಮ್ನೆ ಮನೆಗೆ ಹೋಗ್ತಾರೆ. ಹಾಳೆ ಹಾಳೆ ಜೆರಾಕ್ಸ್ ಮಾಡಿ, ಅದನ್ನ ಚೀಲದಲ್ಲಿಟ್ಕೊಂಡು, ಚೀಲ ಎಲ್ಲರ ಕೈಗೆ ಸಿಗೋ ಕ್ಲಾಸಿಗೇ ಯಾಕೆ ತರ್ತಾರೆ? ಈ ಪ್ರತಿಗಳು ಓದೋಕೆ ಮಾಡಿದ್ದಲ್ಲ, ಸಿಗಲಿ ಅಂತಲೇ ಮಾಡಿದ್ದು. ವೆಂಕಟಲಕ್ಷ್ಮಮ್ಮನವರ ಕಟ್ಟಡದಲ್ಲಿ ಜೆರಾಕ್ಸ್ ಅಂಗಡಿ ಇದೆ ಅಂತ ಗೊತ್ತಿದ್ದವರು ಮಾಡಿದ್ದು."

"ಅದು ಬರೀ ಊಹೆ ಮೇಡಂ," ಎಂದರು ಕಿರಣ್.

"ಹೌದು, ಅಲ್ಲೀವರೆಗೆ ಊಹೆಯೇ. ಆಮೇಲೆ ಗೋಪಿ ಮೇಷ್ಟ್ರ ಕುರಿ ನನಗೆ ಸಾಕ್ಷಿ ಹೇಳಿತು." ಅವರು ಎರಡು ಹಾಳೆಗಳನ್ನು ಎತ್ತಿ ತೋರಿಸಿದರು. "ಕುರಿಯ ಮೇಲೆ ಮೂರು ಬಿಳಿ ಗೆರೆ. ಆಕಾಶದ ಮೇಲೂ ಅದೇ ಜಾಗದಲ್ಲಿ ಮೂರು ಬಿಳಿ ಗೆರೆ. ಮೂಲ ಚಿತ್ರದಲ್ಲಿ ಇಲ್ಲ. ಹಾಗಾದರೆ ಗೆರೆ ಇದ್ದದ್ದು ಚಿತ್ರದ ಮೇಲಲ್ಲ, ಮಷೀನಿನ ಗಾಜಿನ ಮೇಲೆ. ಬೇರೆ ಚಿತ್ರಗಳಲ್ಲೂ ಬಿದ್ದಿರುತ್ತೆ, ಆದರೆ ಬಿಳಿ ಹಾಳೆ ಮೇಲೆ ಬಿಳಿ ಗೆರೆ ಕಾಣಲ್ಲ. ಮಾಡಿದವರ ಕಣ್ಣಿಗೂ ಅದು ಬೀಳಲಿಲ್ಲ. ಮುದ್ರೆ ಒಡೆದ ಮನುಷ್ಯ ಚಿತ್ರಗಳನ್ನ ಸರಿಯಾಗಿ ನೋಡಲೇ ಇಲ್ಲ."

ಅವಸರದಲ್ಲಿದ್ದವರಿಗೆ ನನ್ನ ಕಲೆ ಎಲ್ಲಿ ಕಾಣಬೇಕು! ನಾನು ಗಂಟಲು ಸರಿಮಾಡಿಕೊಂಡೆ.

"ಗಾಜಿನ ಮೇಲೆ ಒತ್ತೊತ್ತಾಗಿ, ಒಂದೇ ಅಗಲದ ಮೂರು ಬಿಳಿ ಗೆರೆ ಹೇಗೆ ಬರುತ್ತೆ? ದಿನಾ ಬೆಳಿಗ್ಗೆ ಹಣೆಗೆ ಹಚ್ಚಿಕೊಳ್ಳೋ ನನಗೆ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ವಿಭೂತಿ. ಆಯುಧಪೂಜೆ ದಿನ ಯಾರೋ ಮಷೀನಿನ ಗಾಜಿಗೆ ವಿಭೂತಿ ಹಚ್ಚಿದ್ದಾರೆ. ಅದಾದ ಮೇಲೆ ಈ ಪ್ರತಿಗಳನ್ನ ತೆಗೆದಿದ್ದಾರೆ."

"ಹಂಗಾದ್ರೆ ನನ್ನ ಮಷೀನಲ್ಲ," ಎಂದ ಮುನಿರಾಜು. "ನಾವು ಹಚ್ಚೋದು ಅರಿಸಿನ ಕುಂಕುಮ. ಗಾಜಿಗೆ ಏನೂ ಸೋಕಿಸಲ್ಲ."

"ನಿಮ್ಮ ಹೊಟ್ಟೆಪಾಡು ಅದು, ಗೊತ್ತು. ಆದ್ರೂ ಪರೀಕ್ಷೆ ಮಾಡಿದೀನಿ." ಅವರು ಮುನಿರಾಜು ಅಂಗಡಿಯ ಕಪ್ಪು ಹಾಳೆಯನ್ನು ಮೇಜಿನ ಮೇಲಿಟ್ಟರು. "ಇದರಲ್ಲಿ ಗೆರೆ ಇಲ್ಲ. ಇದು ದೇವೇಂದ್ರಪ್ಪನವರದು. ವಿಭೂತಿ ಮುಚ್ಚಳದ ಮೇಲಿತ್ತು, ಒಳಗಿರಲಿಲ್ಲ. ಇದರಲ್ಲೂ ಗೆರೆ ಇಲ್ಲ."

"ಒರೆಸಿರಬಹುದಲ್ಲ?" ಕಿರಣ್ ಬೇಗನೆ ಕೇಳಿದರು.

"ಒರೆಸಿರಬಹುದಿತ್ತು, ಈ ಮೂರನೆಯದು ನನಗೆ ಸಿಗದೇ ಹೋಗಿದ್ದರೆ." ಅವರು ಇನ್ನೊಂದು ಹಾಳೆ ಬಿಡಿಸಿದರು. ಅಚ್ಚ ಕಪ್ಪಿನ ನಡುವೆ ಮೂರು ಬಿಳಿ ಗೆರೆಗಳಿದ್ದವು. ಅದರ ಮೇಲೆ ನನ್ನ ಕುರಿಯ ಪ್ರತಿಯನ್ನಿಟ್ಟು ಟ್ಯೂಬ್‌ಲೈಟಿಗೆ ಹಿಡಿದರು. ಗೆರೆಯ ಮೇಲೆ ಗೆರೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂತಿತು.

"ಈ ಪ್ರತಿ ಯಾವ ಮಷೀನಿನಿಂದ ಬಂತು ಅಂದರೆ…"

"ನೀವು ನಮ್ಮ ಮನೆಗೆ ಹೋಗಿದ್ರಾ?" ಕಿರಣ್ ಬಾಯಿಂದ ಮಾತು ಜಾರಿಬಿಟ್ಟಿತು.

ಗಿರಿಜಾದೇವಿ ಹಾಳೆಯನ್ನು ಕೆಳಗಿಳಿಸಿದರು. "ನಾನಿನ್ನೂ ಯಾರ ಮನೆ ಹೆಸರೂ ಹೇಳಿರಲಿಲ್ಲ, ಬಸವಕಿರಣ್."

ಆತ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದ. ಹೌದು, ಆ ಕ್ಷಣದಿಂದ ನನ್ನ ಬಾಯಲ್ಲಿ ಅವನಿಗೆ ಬಹುವಚನ ಬರಲಿಲ್ಲ.

"ನಿಮ್ಮ ಮನೇಲಿ ಈಳಿಗೆ ಮಣೆಗೂ ವಿಭೂತಿ ಇದೆ, ಪ್ರಿಂಟರಿಗೆ ಮಾತ್ರ ಇಲ್ಲ. ನನಗೆ ಅದೇ ಕಣ್ಣಿಗೆ ಹೊಡೀತು. ಅಷ್ಟು ಶ್ರದ್ಧೆಯಿಂದ ಪೂಜೆ ಮಾಡಿದವರು ಅದೊಂದನ್ನ ಮರೀತಾರಾ? ಮರೆತಿರಲಿಲ್ಲ. ಹೋದ ವರ್ಷ ನೀವು ರೇಗಿದ್ರಿ. ಕಪ್ಪು ಮುಚ್ಚಳದ ಮೇಲೆ ಹಚ್ಚಿದರೆ ಎದ್ದು ಕಾಣುತ್ತೆ, ಮಗ ಬೈತಾನೆ ಅಂತ ಮುಚ್ಚಳ ಎತ್ತಿ ಒಳಗೆ ಹಚ್ಚಿದ್ದಾರೆ. ನೀವು ಲ್ಯಾಪ್‌ಟಾಪಿಂದ ಪ್ರಿಂಟ್ ತೆಗೆಯುವಾಗ ಗಾಜಿನ ಕೆಲಸ ಇಲ್ಲ, ಹಾಗಾಗಿ ಗೊತ್ತಾಗಲಿಲ್ಲ. ಪ್ರತಿ ತೆಗೆಯೋ ಗಡಿಬಿಡಿಯಲ್ಲಿ ಗಾಜನ್ನ ನೋಡಲಿಲ್ಲ. ಲಕೋಟೆಯನ್ನ ನಿನ್ನೆವರೆಗೂ ಮುಟ್ಟೇ ಇಲ್ಲ ಅಂದ್ರಿ. ಮುಟ್ಟದ ಲಕೋಟೆಯ ಚಿತ್ರ ನಿಮ್ಮ ಮನೆ ಗಾಜಿನ ಮೇಲೆ ಹೇಗೆ ಬಂತು? ಗೋಪಿ ಮೇಷ್ಟ್ರು ಕೊಟ್ಟ ದಿನ ಅದು ಈ ಬೀರುವಿಗೆ ಹೋಗಲೇ ಇಲ್ಲ, ನಿಮ್ಮ ಜೊತೆ ಮನೆಗೆ ಹೋಗಿ ನಿನ್ನೆಯಷ್ಟೇ ಇಲ್ಲಿಗೆ ಬಂತು. ನಿನ್ನೆ ಎಲ್ಲರೂ ಒಳಗೆ ಪಾಠದಲ್ಲಿದ್ದಾಗ, ಬಾಗಿಲ ಕಪಾಟಿನ ಹತ್ತಿರ ಓಡಾಡೋಕೆ ಮೇಷ್ಟ್ರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ."

"ಅಮ್ಮ… ಅಮ್ಮನಿಗೆ ಗೊತ್ತಾ?"

"ಇಲ್ಲ. ವಿಭೂತಿ ಎಲ್ಲಿ ಹಚ್ಚಿದ್ರಿ ಅಂತ ಕೇಳಿದೆ, ಹೇಳಿದರು. ಮಗನಿಗೆ ಹೇಳಬೇಡಿ ಅಂದರು. ಅವರ ಹೆಸರು ಇಲ್ಲಿ ಬೇಡ."

"ಯಾಕ್ರೀ ಸರ್?" ದೇವೇಂದ್ರಪ್ಪ ಗುಡುಗಿದರು. "ಸ್ಪರ್ಧೆಯೊಳಗ ನೀವಿಲ್ಲ. ಆಕಿ ಗೆದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಕಿರಣ್ ತಲೆ ಎತ್ತದೆಯೇ ಹೇಳಿದ. "ಗೆದ್ದವರು ಹೊಸ ಬ್ಯಾಚಿಗೆ ಮೊದಲ ಪಾಠ ಮಾಡಬೇಕು. ಇವರು ಬಂದು ಅಲ್ಲಿ ನಿಂತರೆ… ಈಗಲೇ ಕ್ಲಾಸು ಮುಗಿದ ಮೇಲೆ ಎಲ್ಲರೂ ಇವರ ಸುತ್ತ ಕೂತ್ಕೋತಾರೆ. ನಾನು ವರ್ಷಗಟ್ಟಲೆ ಇಡಿಯಮ್‌ಗಳ ಹಿನ್ನೆಲೆ, ಉಚ್ಚಾರಣೆ ಎಲ್ಲ ಕಲಿಸಿದ್ದೀನಿ. ಇವರು ‘ಬ್ಲೂ ಮೂನ್ ಅಂದ್ರೆ ಅಮಾಸೆಗೋ ಹುಣ್ಣಿಮೆಗೋ ಒಂದ್ಸಲ ಕಣಮ್ಮ’ ಅಂದ್ಬಿಟ್ರೆ ಮುಗೀತಾ? ‘ಪೀಸ್ ಆಫ್ ಕೇಕ್ ಅಂದ್ರೆ ನೀರು ಕುಡಿದಷ್ಟು ಸುಲಭ’ ಅಂದ್ರೆ ಆಯ್ತಾ? ಅಷ್ಟೇನಾ ಇಂಗ್ಲಿಷು?"

"ಅರ್ಥ ಅಷ್ಟೇ ತಾನೆ?" ಎಂದರು ವೆಂಕಟಲಕ್ಷ್ಮಮ್ಮ. ಅವರು ಎದ್ದು ನಿಂತಿದ್ದರು. "ನೀನು ಆ ಅರ್ಥನ ದೇವರ ಕೋಣೇಲಿ ಇಟ್ಟು ಬೀಗ ಹಾಕಿದ್ದೆ. ನಾನು ತೆಗೆದು ಅಡುಗೆಮನೆಗೆ ತಂದೆ. ಇವರೆಲ್ಲ ನನ್ನ ಹತ್ರ ಬಂದಿದ್ದು ಅದಕ್ಕೆ. ಅದು ತಪ್ಪಾ? ತಪ್ಪಾದ್ರೆ ನನ್ನ ಎದುರಿಗೆ ಹೇಳ್ಬೇಕಿತ್ತು. ಚೀಲಕ್ಕೆ ಕೈ ಹಾಕೋದಾ, ಗಂಡಸಾಗಿ?"

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಬಿಟ್ಟು ಕೂತಿದ್ದ ಕುರ್ಚಿಗಳು ಮೆಲ್ಲಗೆ ಹತ್ತಿರ ಸರಿದವು. ನಾನು ನನ್ನದನ್ನು ಒಂದಿಷ್ಟೂ ಅಲುಗಿಸಲಿಲ್ಲ, ಹತ್ತಿರವೇ ಇದ್ದೆನಲ್ಲ.

ಸ್ಪರ್ಧೆಯನ್ನು ತಾವು ನಡೆಸುವುದಾಗಿ ಗಿರಿಜಾದೇವಿ ಹೇಳಿದರು. ಹಳೆಯ ಚಿತ್ರಗಳನ್ನು ಎಲ್ಲರೂ ನೋಡಿಯಾಗಿದ್ದರಿಂದ ಭಾನುವಾರದೊಳಗೆ ಹೊಸ ಚಿತ್ರಗಳು ಬೇಕೆಂದು ವೆಂಕಟಲಕ್ಷ್ಮಮ್ಮನೇ ಪಟ್ಟು ಹಿಡಿದರು. "ಮೇಷ್ಟ್ರೇ, ಕಷ್ಟದ್ದೇ ಬರೀರಿ. ಅಯ್ಯೋ ಪಾಪ ಅಂತ ಸುಲಭದ್ದು ಕೊಟ್ರೆ ನಾನು ಆಡಲ್ಲ," ಎಂದರು. ದೇವೇಂದ್ರಪ್ಪನಿಗೆ ಖುಷಿಯೋ ಖುಷಿ. ನನಗೆ ಮಾತ್ರ ನಿದ್ದೆ ಕೆಡುವ ಯೋಗ.

ಕಿರಣ್ ಮೆಲ್ಲಗೆ ಅವರ ಹತ್ತಿರ ಬಂದ. "ಮೇಡಂ, ಐ ಆಮ್ ಸಾರಿ. ಐ ಡೀಪ್ಲಿ ರಿಗ್ರೆಟ್…"

ವೆಂಕಟಲಕ್ಷ್ಮಮ್ಮ ಕೈ ಎತ್ತಿ ತಡೆದರು.

"ಇಂಗ್ಲಿಷಲ್ಲಿ ಬೇಡ. ಬಸ್ಸಲ್ಲಿ ಕಾಲು ತುಳಿದೋನೂ ಸಾರಿ ಅಂತಾನೆ, ಚಿಲ್ಲರೆ ಇಲ್ದಿರೋ ಕಂಡಕ್ಟರೂ ಸಾರಿ ಅಂತಾನೆ. ನಿನ್ನೆ ನನ್ನನ್ನ ಕಳ್ಳಿ ಅಂದ್ಯಲ್ಲ, ಅದನ್ನ ಕನ್ನಡದಲ್ಲೇ ಅಂದಿದ್ದು. ಕನ್ನಡದಲ್ಲೇ ವಾಪಸ್ ತಗೋ. ನನ್ನ ಕಿವಿಗಲ್ಲ, ಅಲ್ಲಿ ನಿಂತು ಎಲ್ಲರಿಗೂ ಹೇಳು."

ಅವನು ಬೋರ್ಡಿನ ಮುಂದೆ ಹೋಗಿ ನಿಂತ. ಕೆಂಪೇರಿದ ಮುಖದಲ್ಲಿ ತುಟಿಗಳಷ್ಟೇ ಅಲುಗಿದವು.

"ವೆಂಕಟಲಕ್ಷ್ಮಮ್ಮನವರು ಕದ್ದಿಲ್ಲ. ಅವರ ಚೀಲದಲ್ಲಿ ಇಟ್ಟವನು ನಾನೇ. ತಪ್ಪಾಯಿತು."

ವೆಂಕಟಲಕ್ಷ್ಮಮ್ಮ ಹಿಂದಿರುಗಿ ಕೊನೆಯ ಸಾಲಿನತ್ತ ನೋಡಿದರು, ಮತ್ತೆ ಅವನತ್ತ ತಿರುಗಿದರು.

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ," ಎಂದರು. "ಇನ್ನೊಂದ್ಸಲ."

ಅವನು ಇನ್ನೊಂದು ಸಲ ಹೇಳಿದ. ಈ ಸಲ ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ಮೇಲೆ ನೋಡಿದರು.